ಬಾವಿ ಮುಚ್ಚಲು ಎಲ್ಲರೂ ಕೈ ಎತ್ತಿದೆವು, ಲಿಫ್ಟಿಗೆ ಬಂದ ಮೇಲೆ ಎಲ್ಲರಿಗೂ ಬೇಸರ. ಹೀಗೆ ಯಾಕಾಗುತ್ತದೆ?

ಬಾವಿಕಟ್ಟೆ

ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಿದ್ದರೆ ಓದಿ.

ನಮ್ಮದು ಮಂಗಳೂರಿನ ಬಿಜೈ ಕಡೆ 44 ಮನೆಗಳ ಹಳೇ ಅಪಾರ್ಟ್‌ಮೆಂಟು. ಹಿಂದೆ ಆ ಜಾಗದಲ್ಲಿ ಒಂದು ಹಂಚಿನ ಮನೆ ಇತ್ತಂತೆ. ಮನೆ ಹೋಯಿತು, ಬಾವಿ ಮಾತ್ರ ಕಾಂಪೌಂಡಿನ ಮೂಲೆಯಲ್ಲಿ ಉಳಿಯಿತು. ಕೆಂಪುಕಲ್ಲಿನ ಕಟ್ಟೆ. ಒಂದು ಬದಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹೋಗುವಷ್ಟು ಆಳದ ಗೀರು ಬಿದ್ದಿದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಊರಿಗೆಲ್ಲ ರೇಷನಿಂಗ್ ಆದಾಗ ಟ್ಯಾಂಕರಿಗೆ ಕಾಯದೆ ನಾವು ಸ್ನಾನ ಮಾಡಿದ್ದು ಅದೇ ಬಾವಿಯ ನೀರಿನಲ್ಲಿ.

ಕಳೆದ ತಿಂಗಳು ಅಸೋಸಿಯೇಷನ್ ಮಹಾಸಭೆ ಇತ್ತು. ನೋಟಿಸಿನಲ್ಲಿ ಬಾವಿಯ ಸುದ್ದಿಯೇ ಇಲ್ಲ. ಲೆಕ್ಕಪತ್ರ, ಲಿಫ್ಟಿನ ಎಎಂಸಿ, ಪೇಂಟಿಂಗು, ಕೊನೆಗೆ ಎಂದಿನಂತೆ ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’. ಬಾವಿ ಬಂದದ್ದು ಆ ಕೊನೆಯ ಸಾಲಿನಲ್ಲಿ.

ಅಧ್ಯಕ್ಷರು ನಿವೃತ್ತ ಇಂಜಿನಿಯರು, ಎಪ್ಪತ್ತರ ಹತ್ತಿರ. ಎಲ್ಲರೂ ‘ಸರ್’ ಅಂತಲೇ ಕರೆಯುವುದು. ಅವರು ಎದ್ದು, “ನಾನು ಅಳತೆ ತೆಗೆಸಿದ್ದೇನೆ. ಬಾವಿ ಮುಚ್ಚಿದರೆ ಆರು ಕಾರು ನಿಲ್ಲಿಸಬಹುದು. ಕಟ್ಟೆ ಬಿರುಕು ಬಿಟ್ಟಿದೆ, ನಾಳೆ ಯಾರ ಮನೆಯ ಮಗುವಾದರೂ ಬಿದ್ದರೆ ಯಾರು ಜವಾಬ್ದಾರಿ?” ಅಂದರು. ಒಂದು ಕ್ಷಣ ಸುಮ್ನಿದ್ದೆವು. ಖಜಾಂಚಿ, “ಸರ್ ಹೇಳಿದ್ದು ಸರಿ” ಅಂದರು. ಎದುರು ಸಾಲಿನವರು ತಲೆ ಆಡಿಸಿದರು. ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಗೋಳಿಬಜೆಯ ಪಾತ್ರೆ ಬಂತು. “ಯಾರಿಗಾದರೂ ವಿರೋಧ ಉಂಟಾ? ಇಲ್ಲ ಅಲ್ವಾ? ಹಾಗಾದರೆ ಕೈ ಎತ್ತಿ, ಗೋಳಿಬಜೆ ತಣ್ಣಗಾಗುತ್ತದೆ.” 33 ಜನ ಇದ್ದೆವು, 33 ಕೈ ಮೇಲೆ ಹೋಯಿತು. ನನ್ನದೂ ಸೇರಿ. ಯಾರೂ ಹಿಡಿದು ಎತ್ತಿಸಿದ್ದಲ್ಲ, ನಾನೇ ಎತ್ತಿದ್ದು.

ಆಮೇಲೆ ಶುರುವಾಯಿತು ನೋಡಿ. ಲಿಫ್ಟಿನಲ್ಲಿ ಒಬ್ಬರು, ಹಾಲು ತರುವಾಗ ಒಬ್ಬರು, ವಾಟ್ಸಾಪಿನಲ್ಲಿ ಖಾಸಗಿಯಾಗಿ ಇಬ್ಬರು. “ಛೆ, ಬಾವಿ ಮುಚ್ಚಬಾರದಿತ್ತು.” ಹತ್ತು ದಿನದಲ್ಲಿ 12 ಜನ ನನ್ನ ಹತ್ತಿರ ಹೇಳಿದ್ದಾರೆ, ಲೆಕ್ಕ ಇಟ್ಟಿದ್ದೇನೆ. ಹನ್ನೆರಡೂ ಜನ ಅವತ್ತು ಸಭೆಯಲ್ಲಿದ್ದವರೇ. ಮಿನಿಟ್ಸ್ ಪುಸ್ತಕದಲ್ಲಿ ಮಾತ್ರ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’.

ಯಾರೂ ಯಾರನ್ನೂ ಹೆದರಿಸಲಿಲ್ಲ. ಹಾಗಿದ್ದೂ ಹೀಗೆ ಹೇಗಾಯಿತು? ನಿಮ್ಮಲ್ಲೂ ಹೀಗೆ ಆದದ್ದುಂಟಾ? ಇನ್ನು ಏನಾದರೂ ಮಾಡಲು ಸಾಧ್ಯವಾ?

ಕದ್ರಿ ಕಂಬಳ

ಎಂತ ಮಾರಾಯ್ರೇ, ಗೋಳಿಬಜೆಗೆ ಬಾವಿ ಕೊಟ್ಟಿರಲ್ಲ! ಚಟ್ನಿಯಾದರೂ ಚೆನ್ನಾಗಿತ್ತಾ?

ತಮಾಷೆ ಬಿಡಿ. ನಮ್ಮಲ್ಲಿ ಇದೇ ರೀತಿ ಹಲಸಿನ ಮರ ಹೋಯಿತು. ಕಡಿದ ಮೇಲೆ ಎಲ್ಲರೂ ಮರದ ಬಗ್ಗೆ ಸ್ಟೇಟಸ್ ಹಾಕಿದರು.

ಪಾಠದ ಮೇಡಂ

ನಾನು ಉಡುಪಿಯಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ನಿಮ್ಮ ಸಭೆಯನ್ನು ಹಾಗೆಯೇ ಕ್ಲಾಸಿಗೆ ತೆಗೆದುಕೊಂಡು ಹೋಗಬಹುದು.

ಸಾಲಮನ್ ಆಶ್ ಅಂತ ಒಬ್ಬರು 1951ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗೆರೆ ತೋರಿಸುವುದು, ಪಕ್ಕದ ಮೂರು ಗೆರೆಗಳಲ್ಲಿ ಅದೇ ಉದ್ದದ್ದು ಯಾವುದು ಅಂತ ಕೇಳುವುದು. ಅಂಗನವಾಡಿ ಮಗುವೂ ಹೇಳುತ್ತದೆ. ಆದರೆ ಕೋಣೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಅವರೆಲ್ಲ ಬೇಕಂತಲೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಆ ಒಬ್ಬರ ಸರದಿ ಬರುವುದು ಕೊನೆಯಲ್ಲಿ. ಸುಮಾರು ಮೂರರಲ್ಲಿ ಒಂದು ಸಲ ಅವರೂ ತಪ್ಪು ಉತ್ತರಕ್ಕೇ ಸೇರಿದರು. ನೂರಕ್ಕೆ 75 ಜನ ಒಂದು ಸಲವಾದರೂ ಹಾಗೆ ಮಾಡಿದರು. ನೆನಪಿಡಿ, ಅಲ್ಲಿ ಅಧ್ಯಕ್ಷರೂ ಇಲ್ಲ, ಪಾರ್ಕಿಂಗೂ ಇಲ್ಲ, ಮರುದಿನ ಲಿಫ್ಟಿನಲ್ಲಿ ಮುಖ ನೋಡಬೇಕಾದ ಕಷ್ಟವೂ ಇಲ್ಲ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದರ ಉಳಿದ ಅರ್ಧ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಜನ ಗುಂಪಿಗೆ ಸೇರುವುದು ಬಹಳ ಕಡಿಮೆಯಾಯಿತು. ಉತ್ತರವನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ಹಾಗೆಯೇ. ಅಂದರೆ ಜನರಿಗೆ ಕಣ್ಣು ಕಾಣದೆ ಅಲ್ಲ. ಒಬ್ಬರೇ ಎದ್ದು ನಿಲ್ಲುವುದು ಕಷ್ಟ, ಅಷ್ಟೇ.

ಒಂದು ಪ್ರಶ್ನೆ ಕೇಳಲಾ, ಬೇಸರ ಮಾಡಬೇಡಿ. ಆ ಆರು ಪಾರ್ಕಿಂಗ್ ಜಾಗ ಯಾರಿಗೆ ಅಂತ ಮೊದಲೇ ಮಾತಾಗಿತ್ತಾ?

ಬಾವಿಕಟ್ಟೆ

ಮೇಡಂ, ನೀವು ಕೇಳಿದ ಮೇಲೆ ಎರಡು ದಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಹೌದು, ಮಾತಾಗಿತ್ತು. ಸಭೆಯ ಹಿಂದಿನ ದಿನ ಸಂಜೆ ಮೆಟ್ಟಿಲಲ್ಲಿ ಖಜಾಂಚಿ ಸಿಕ್ಕಿದ್ದರು. “ನಿಮ್ಮ ಎರಡನೇ ಗಾಡಿ ರಸ್ತೆಯಲ್ಲಿ ನಿಲ್ಲುತ್ತದಲ್ಲ, ಪಾಪ. ಏನಾದರೂ ವ್ಯವಸ್ಥೆ ಮಾಡುವ” ಅಂದಿದ್ದರು. ಬಾವಿ ಅನ್ನುವ ಶಬ್ದವೇ ಅವರ ಬಾಯಿಯಿಂದ ಬರಲಿಲ್ಲ. ಮರುದಿನ ಸಭೆಯಲ್ಲಿ ‘ಆರು ಕಾರು’ ಅಂತ ಕೇಳಿದಾಗ ನನಗೆ ಹೊಳೆಯಿತು. ಕೈ ಎತ್ತುವಾಗ ಅದು ತಲೆಯಲ್ಲಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಈಗ ವಿಚಾರಿಸಿದರೆ ಅದೇ ಮಾತು ಇನ್ನೂ ಎಂಟೊಂಬತ್ತು ಮನೆಯವರಿಗೆ ಹೋಗಿದೆ. ಇರುವುದು ಆರೇ ಜಾಗ!

ಮಾಜಿ ಕಾರ್ಯದರ್ಶಿ

ನಾನು ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಕ್ಷಮೆ ಇರಲಿ. ನಾನೂ ಬೇರೆ ಕಡೆ ಆರು ವರ್ಷ ಅಸೋಸಿಯೇಷನ್ ಕಾರ್ಯದರ್ಶಿಯಾಗಿದ್ದವ. ಇಲ್ಲಿ ಎಲ್ಲರೂ ಅಧ್ಯಕ್ಷರನ್ನು ವಿಲನ್ ಮಾಡಲು ಹೊರಟಿದ್ದೀರಿ.

ರಾತ್ರಿ ಎರಡು ಗಂಟೆಗೆ ಜನರೇಟರ್ ನಿಂತರೆ ಯಾರು ಇಳಿದು ಬರುತ್ತಾರೆ? ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಪಂಪು ಹಿಡಿದುಕೊಂಡು ನಿಲ್ಲುವುದು ಯಾರು? ವಾಚ್‌ಮನ್ ಊರಿಗೆ ಹೋದರೆ ಬದಲಿ ಹುಡುಕುವುದು ಯಾರು? ಅದೇ ‘ಸರ್’. ಉಳಿದವರು ಗುಡ್ ಮಾರ್ನಿಂಗ್ ಕಳಿಸುತ್ತಾರೆ. ಮೆಂಟೆನೆನ್ಸ್ ನೂರು ರೂಪಾಯಿ ಏರಿಸಿದರೆ ಮಾತ್ರ ಎಲ್ಲರಿಗೂ ಬಾಯಿ ಬರುತ್ತದೆ. ನಮ್ಮಲ್ಲಿ ಮಹಾಸಭೆಗೆ ಕೋರಂ ಆಗಲು ಅರ್ಧ ಗಂಟೆ ಕಾದು, ಆಮೇಲೆ ಮುಂದೂಡಿದ ಸಭೆ ಅಂತ ಬರೆದು ಅದೇ ಕುರ್ಚಿಯಲ್ಲಿ ಪುನಃ ಕೂತು ಮಾಡುತ್ತಿದ್ದೆವು. ಹದಿನಾಲ್ಕು ಜನ. ಅದರಲ್ಲಿ ಇಬ್ಬರು ಪೇಪರ್ ಓದುತ್ತಿದ್ದರು.

ಕೆಲಸ ಮಾಡುವವನ ಮಾತು ನಡೆಯುತ್ತದೆ. ಅದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಬೇಡ ಅಂತಿದ್ದರೆ 33 ಜನರಲ್ಲಿ ಒಬ್ಬರು ‘ಬೇಡ’ ಅನ್ನಬಹುದಿತ್ತಲ್ಲ. ಎರಡಕ್ಷರ.

ಕದ್ರಿ ಕಂಬಳ

ಇದು ಮಾತ್ರ ಹೌದು.

ಬಾವಿಕಟ್ಟೆ

ಒಪ್ಪುತ್ತೇನೆ ಸರ್. ನನ್ನ ಮಗನಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಕಾರು ಓಡಿಸಿದ್ದೂ ಅದೇ ಅಧ್ಯಕ್ಷರು. ಅದಕ್ಕೇ ಕಷ್ಟ. ಕೆಟ್ಟವರಾಗಿದ್ದರೆ ಸುಲಭದಲ್ಲಿ ‘ಇಲ್ಲ’ ಅನ್ನಬಹುದಿತ್ತು. ಉಪಕಾರ ಮಾಡಿದವರ ಎದುರು ಆ ಎರಡಕ್ಷರ ಗಂಟಲಲ್ಲೇ ನಿಲ್ಲುತ್ತದೆ.

ಮಲ್ಪೆ ಧಕ್ಕೆ

ನಾನು ಬೋಟಿನವ. ನಮ್ಮಲ್ಲಿ ಕೈ ಎತ್ತುವ ಪದ್ಧತಿ ಇಲ್ಲ. ಕಡಲಿನಲ್ಲಿ ಬೋಟು ನಡೆಸುವ ತಾಂಡೇಲ ಹೇಳಿದ್ದೇ ಕೊನೆ. ಬಲೆ ಎಲ್ಲಿ ಬಿಡುವುದು, ಗಾಳಿ ಎದ್ದರೆ ವಾಪಸಾಗುವುದಾ, ಇನ್ನೊಂದು ರಾತ್ರಿ ನಿಲ್ಲುವುದಾ, ಎಲ್ಲ ಅವನದ್ದೇ. ಅಲ್ಲಿ ಸಭೆ ಕರೆದರೆ ಮೀನೂ ಇಲ್ಲ, ಬೋಟೂ ಇಲ್ಲ. ದಡಕ್ಕೆ ಬಂದ ಮೇಲೆ ಮಾತು ಮಾಲಿಕನದ್ದು. ಒಂದೇ ಮನುಷ್ಯ ಧಕ್ಕೆಯ ಆಚೆ ರಾಜ, ಈಚೆ ಕೂಲಿಯವ.

ಆದರೆ ಒಂದು ಉಂಟು. ಒಳ್ಳೆಯ ತಾಂಡೇಲ ಕಲಾಸಿಗಳ, ಅಂದರೆ ಬೋಟಿನ ಕೆಲಸದವರ, ಬಾಯಿ ಮುಚ್ಚಿಸುವುದಿಲ್ಲ. ಎದುರಿನಲ್ಲಿ ನಿಂತ ಹುಡುಗ “ಅಣ್ಣ, ಬಲೆ ಬಂಡೆಗೆ ಸಿಕ್ಕಿತು” ಅಂತ ಕೂಗಿದರೆ ಮೊದಲು ಇಂಜಿನ್ ಸ್ಲೋ ಮಾಡುತ್ತಾನೆ, ಆಮೇಲೆ ಬೈಯುತ್ತಾನೆ. ಮೊದಲು ಬೈಯುವವನ ಬೋಟಿನಲ್ಲಿ ಹುಡುಗರು ಕೂಗುವುದನ್ನೇ ಬಿಡುತ್ತಾರೆ. ಅಂಥವನ ಬಲೆ ಹರಿಯುವುದೂ ಜಾಸ್ತಿ. ಜೂನ್, ಜುಲೈ ರಜೆ ಮುಗಿದು ಆಗಸ್ಟಿನಲ್ಲಿ ಪುನಃ ಜನ ಸೇರಿಸುವಾಗ ಅವನಿಗೆ ಒಳ್ಳೆಯ ಹುಡುಗರು ಸಿಗುವುದಿಲ್ಲ. ನಮ್ಮಲ್ಲಿ ಓಟು ಅಂದರೆ ಅದೇ. ಬೇರೆ ಬೋಟು ಹತ್ತುವುದು.

ಅಪಾರ್ಟ್‌ಮೆಂಟಿನಲ್ಲಿ ಹಾಗೆ ಮನೆ ಬಿಟ್ಟು ಹೋಗಲು ಆಗುವುದಿಲ್ಲ. ಅದಕ್ಕೇ ನೀವು ಲಿಫ್ಟಿನಲ್ಲಿ ಮಾತಾಡುವುದು.

ಬಜ್ಪೆ ರಸ್ತೆ

ಮಲ್ಪೆಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಬರೆಯುವುದೋ ಬೇಡವೋ ಅಂತ ಯೋಚಿಸಿದೆ. ಈ ಊರಿನವರಿಗೆ ಇನ್ನೂ ಗಾಯ ಅದು.

2010ರ ಮೇ 22. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ನಮ್ಮ ಮನೆಗೆ ಆ ಬೆಳಿಗ್ಗೆ ಹೊಗೆ ಕಾಣುತ್ತಿತ್ತು. ತನಿಖಾ ವರದಿ ಬಂದಾಗ ನಾನು ಅದನ್ನು ಓದಿದೆ, ಎಲ್ಲ ಅರ್ಥವಾಗಲಿಲ್ಲ. ಒಂದು ವಿಷಯ ಮಾತ್ರ ತಲೆಯಿಂದ ಹೋಗಿಲ್ಲ. ಇಳಿಯುವಾಗ ವಿಮಾನ ತುಂಬಾ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ಹೇಳಿದ್ದಾರೆ, ಇಳಿಯುವುದು ಬೇಡ, ಪುನಃ ಮೇಲೆ ಹೋಗಿ ಸುತ್ತು ಹಾಕಿ ಬರುವ ಅಂತ. ಯಂತ್ರವೂ ಎಚ್ಚರಿಕೆ ಕೊಡುತ್ತಾ ಇತ್ತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು.

ವರದಿಯಲ್ಲಿ ಇನ್ನೊಂದು ಮಾತುಂಟು. ಅಂಥ ಹೊತ್ತಿನಲ್ಲಿ ಸಹ ಪೈಲಟ್ ತಾನೇ ಕಂಟ್ರೋಲ್ ಕೈಗೆ ತೆಗೆದುಕೊಳ್ಳಬಹುದಾ ಅನ್ನುವ ಬಗ್ಗೆ ಸೂಚನೆಗಳೇ ಸ್ಪಷ್ಟವಿರಲಿಲ್ಲ, ಪ್ರಾಯಶಃ ಅದಕ್ಕೇ ಅವರು ಬರೀ ಹೇಳುತ್ತಾ ಉಳಿದರು ಅಂತ. ಅಂದರೆ ಅಲ್ಲಿ ಒಬ್ಬರು ‘ಬೇಡ’ ಅಂದಿದ್ದರು. ಕಾರ್ಯದರ್ಶಿಯವರೇ, ಎರಡಕ್ಷರ ಹೇಳಿದರೆ ಸಾಕಾಗುವುದಿಲ್ಲ. ಹೇಳಿದ ಮೇಲೆ ಏನಾಗಬೇಕು ಅಂತಲೂ ಮೊದಲೇ ಬರೆದಿಟ್ಟಿರಬೇಕು.

ಮಾಜಿ ಕಾರ್ಯದರ್ಶಿ

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಪಾಠದ ಮೇಡಂ

ವಿಮಾನದವರು ಇದನ್ನು ಎಪ್ಪತ್ತರ ದಶಕದಿಂದಲೇ ಕಲಿಯುತ್ತಾ ಬಂದಿದ್ದಾರೆ. 1977ರಲ್ಲಿ ಟೆನೆರಿಫೆಯಲ್ಲಿ ಎರಡು ಜಂಬೋ ವಿಮಾನ ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿಯೂ ಮೇಲೇರಲು ಹೊರಟಿದ್ದ ವಿಮಾನದ ಇಂಜಿನಿಯರ್ ಅನುಮಾನದಿಂದ ಒಂದು ಪ್ರಶ್ನೆ ಕೇಳಿದ್ದರು, ದೊಡ್ಡ ಹೆಸರಿನ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು. ಅಂಥ ಅಪಘಾತಗಳ ನಂತರವೇ ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಬೇಕು ಅನ್ನುವ ತರಬೇತಿ ಬಂದದ್ದು. ಅಪಾರ್ಟ್‌ಮೆಂಟಿನಲ್ಲಿ ಯಾರೂ ಸಾಯುವುದಿಲ್ಲ, ಅದಕ್ಕೇ ನಮಗೆ ತರಬೇತಿಯೂ ಇಲ್ಲ.

ಕಾರ್ಕಳದ ಅಕ್ಕ

ಎಲ್ಲ ಗಂಡಸರೇ ಬರೆಯುತ್ತಿದ್ದೀರಿ (ಮೇಡಂ ಒಬ್ಬರನ್ನು ಬಿಟ್ಟು), ನಾನೊಂದು ಹೇಳುತ್ತೇನೆ. ಬಾವಿಕಟ್ಟೆಯವರೇ, ಆ 33 ಜನರಲ್ಲಿ ಹೆಂಗಸರು ಎಷ್ಟು? ಗೋಳಿಬಜೆ ಕಾಯಿಸಿದವರು ಯಾರು?

ನಮ್ಮದು ಅಳಿಯಕಟ್ಟಿನ ಕುಟುಂಬ. ಹೆಸರಿಗೆ ಎಲ್ಲ ಹೆಣ್ಣಿನ ಕಡೆಯಿಂದ. ಮಾತು ಮಾತ್ರ ಮಾವಂದಿರದ್ದು. ಎರಡು ವರ್ಷದ ಹಿಂದೆ ಕುಟುಂಬದ ಮನೆಯಲ್ಲಿ ನಾಗಬನ ಜೀರ್ಣೋದ್ಧಾರಕ್ಕೆ ಸಭೆ. ಚಾವಡಿಯಲ್ಲಿ ಗಂಡಸರು, ಒಳಗೆ ನಾವು. ತಲೆಗೆ ಇಷ್ಟು ಅಂತ ವಂತಿಗೆ ನಿರ್ಧಾರ ಆಯಿತು. ಸಂಬಳ ತರುವ ನಾವು ಐದು ಜನ ಹೆಂಗಸರೂ ಕೊಡಬೇಕು, ಆದರೆ ಬನದ ಹಳೇ ಮರ ತೆಗೆದು ಕಾಂಕ್ರೀಟು ಕಟ್ಟೆ ಬೇಕಾ ಅಂತ ನಮ್ಮನ್ನು ಕೇಳಿದವರಿಲ್ಲ. ಚಹಾ ಕೊಡಲು ಹೋದಾಗ ನನ್ನ ತಂಗಿ ಒಂದು ಮಾತು ಹೇಳಿದಳು. “ನೋಡುವ ಮಗಾ” ಅಂದರು. ‘ನೋಡುವ’ ಅಂದರೆ ಇಲ್ಲ ಅಂತ, ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಆದರೆ ಮರ ಉಳಿಯಿತು. ಹೇಗೆ ಗೊತ್ತಾ? ರಾತ್ರಿ ಊಟಕ್ಕೆ ಬಡಿಸುವಾಗ ದೊಡ್ಡಮ್ಮ ಯಜಮಾನ ಮಾವನ ಬಾಳೆಲೆಗೆ ಪಾಯಸ ಹಾಕುತ್ತಾ, “ಮರ ಕಡಿದ ವರ್ಷ ನಿನ್ನ ಅಜ್ಜನಿಗೆ ಏನಾಯಿತು, ನೆನಪುಂಟಾ?” ಅಂತ ಮಾತ್ರ ಕೇಳಿದರು. ಬೆಳಿಗ್ಗೆ ಪ್ಲಾನು ಬದಲು. ಎಲ್ಲರೂ ದೊಡ್ಡಮ್ಮನನ್ನು ಹೊಗಳಿದರು. ನನಗೆ ಮಾತ್ರ ಅಷ್ಟು ಖುಷಿಯಾಗಲಿಲ್ಲ. ನಾನು ಲೆಕ್ಕಪರಿಶೋಧನೆ ಮಾಡುವವಳು, ಕಾಂಕ್ರೀಟಿನ ಖರ್ಚು ಎಷ್ಟು ಜಾಸ್ತಿ ಅಂತ ಕಾಗದದಲ್ಲಿ ಬರೆದು ತಂದಿದ್ದೆ. ಕಾಗದ ಯಾರೂ ನೋಡಲಿಲ್ಲ. ಗೆದ್ದದ್ದು ಹೆದರಿಕೆ. ಮುಂದಿನ ಸಲ ಬೇರೆ ಯಾರೋ ಅದೇ ಹೆದರಿಕೆಯಿಂದ ಬೇರೆ ಏನೋ ಮಾಡಿಸುತ್ತಾರೆ.

ಸುಮ್ನೆ ಓದುವವ

ಅಕ್ಕನ ಕಾಗದದ ಕಥೆ ಓದಿ ಬೇಜಾರಾಯಿತು. ಮೂರು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ರಥಬೀದಿ

ಉಡುಪಿಯವನಾಗಿ ಒಂದು ಹೇಳದಿದ್ದರೆ ಆಗುವುದಿಲ್ಲ. ಅಧಿಕಾರ ಒಬ್ಬರ ಕೈಯಲ್ಲೇ ಉಳಿಯದಂತೆ ಮಾಡುವುದಕ್ಕೆ ನಮ್ಮ ಪರ್ಯಾಯಕ್ಕಿಂತ ಹಳೇ ಉದಾಹರಣೆ ಬೇಕಾ? ಕೃಷ್ಣಮಠದ ಪೂಜೆ ಎಂಟು ಮಠಗಳಿಗೆ ಸರದಿಯಲ್ಲಿ ಬರುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಅಷ್ಟರಲ್ಲಿ ಏನೂ ಮಾಡಲು ಆಗುವುದಿಲ್ಲ ಅಂತ ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು, 16ನೇ ಶತಮಾನದಲ್ಲಿ. 2024ರ ಜನವರಿ 18ಕ್ಕೆ ಪುತ್ತಿಗೆ, 2026ರ ಅದೇ ದಿನ ಶೀರೂರು. ಮುಂದಿನವರು ಯಾರು ಅನ್ನುವುದಕ್ಕೆ ಚುನಾವಣೆ ಬೇಡ, ಲಾಬಿ ಬೇಡ. ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಅಂತ ತಯಾರಿ ಶುರು. ಕೆಳಗಿಳಿಯುವ ದಿನ ಯಾವುದು ಅಂತ ಮೇಲೇರುವ ದಿನವೇ ಗೊತ್ತಿರುತ್ತದೆ. ನಿಮ್ಮ ಅಸೋಸಿಯೇಷನ್‌ನಲ್ಲಿ ಅಧ್ಯಕ್ಷರು ಎಷ್ಟು ವರ್ಷದಿಂದ ಇದ್ದಾರೆ?

ಬಾವಿಕಟ್ಟೆ

ಹನ್ನೊಂದು. ಪ್ರತಿ ಸಲ ‘ಬೇರೆ ಯಾರಾದರೂ ಬನ್ನಿ’ ಅನ್ನುತ್ತಾರೆ. ಎಲ್ಲರೂ ನೆಲ ನೋಡುತ್ತೇವೆ.

ಕಾರ್ಕಳದ ಅಕ್ಕ

ರಥಬೀದಿಯವರೇ, ಸರದಿ ಒಳ್ಳೆಯದೇ, ಆದರೆ ಸರದಿ ಇರುವುದು ಆ ಎಂಟರ ಒಳಗೆ. ಒಂಬತ್ತನೆಯವರಿಗೆ ಸಾಲಿನಲ್ಲಿ ಜಾಗವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಯವರದ್ದು ಅದೇ ಪಾಡು ಅಲ್ವಾ? ಬಾವಿಯ ನೀರು ಕುಡಿಯುವವರಲ್ಲಿ ಅರ್ಧ ಬಾಡಿಗೆಯವರಿರಬಹುದು, ಕೈ ಎತ್ತುವವರು ಮಾಲೀಕರು ಮಾತ್ರ.

ರಥಬೀದಿ

ಅದು ಹೌದು. ಮಠವನ್ನೂ ಫ್ಲ್ಯಾಟನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಾನು ಹೋಗುವುದಿಲ್ಲ. ಗಡು ಹಾಕಿಕೊಳ್ಳುವುದು ಒಳ್ಳೆಯದು ಅಂತ ಮಾತ್ರ ಹೇಳಿದ್ದು.

ತಾಳಮದ್ದಳೆ ಹುಚ್ಚ

ನಿಮ್ಮ ಸಭೆಗೆ ಬೇಕಾದದ್ದು ಒಬ್ಬರು ಭಾಗವತರು. ತಾಳಮದ್ದಳೆ ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಮಾತಾಡುವ ಅರ್ಥಧಾರಿ ಎಷ್ಟು ದೊಡ್ಡವರಾದರೂ ಇರಲಿ, ಕೃಷ್ಣನೇ ಇರಲಿ ಕೌರವನೇ ಇರಲಿ, ಎಳೆದದ್ದು ಜಾಸ್ತಿಯಾಯಿತು ಅಂತ ಕಂಡರೆ ಹಾಡುವ ಭಾಗವತರು ಮುಂದಿನ ಪದ ಎತ್ತುತ್ತಾರೆ. ಮುಗಿಯಿತು, ಬಾಯಿ ಮುಚ್ಚಬೇಕು. ಮದ್ದಳೆ ಪೆಟ್ಟು ಬಿದ್ದ ಮೇಲೆ ಮಾತಿಲ್ಲ. ಎದುರಿನ ಅರ್ಥಧಾರಿ ಹೊಸಬನಾದರೂ ಅವನ ಪದ ಬಂದಾಗ ಅವನೇ ಮಾತಾಡಬೇಕು, ಹಿರಿಯ ಕೂತು ಕೇಳಬೇಕು.

ನಿಮ್ಮಲ್ಲಿ ವಿಷಯ ಇಡುವವರೂ ಅಧ್ಯಕ್ಷರು, ವಾದ ಮಾಡುವವರೂ ಅವರೇ, ಕೈ ಎಣಿಸುವವರೂ ಅವರೇ. ಇಡೀ ಪ್ರಸಂಗ ಒಬ್ಬನೇ ಹೇಳಿದರೆ ಅದು ಹರಿಕಥೆ ಮಾರಾಯ್ರೇ, ತಾಳಮದ್ದಳೆ ಅಲ್ಲ.

ನಿವೃತ್ತ ಹವಾಲ್ದಾರ್

ಸೇನೆಯ ಕೋರ್ಟ್ ಮಾರ್ಷಲ್‌ನಲ್ಲಿ ತೀರ್ಪಿಗೆ ಅಭಿಪ್ರಾಯ ಕೇಳುವಾಗ ರ‍್ಯಾಂಕಿನಲ್ಲಿ ಅತಿ ಕಿರಿಯರಿಂದ ಶುರು ಮಾಡುತ್ತಾರೆ. ದೊಡ್ಡವರು ಮೊದಲು ಬಾಯಿ ಬಿಟ್ಟರೆ ಸಣ್ಣವರು ‘ಎಸ್ ಸರ್’ ಅನ್ನುತ್ತಾರೆ ಅಂತ ಸೇನೆಗೂ ಗೊತ್ತು. ಎಸ್ ಸರ್ ಕಲಿಸಿದ್ದೇ ಸೇನೆ, ಆದರೂ ಈ ಒಂದು ಕಡೆ ಬೇಡ ಅಂತ ಇಟ್ಟಿದ್ದಾರೆ. ನಿಮ್ಮಲ್ಲೂ ಹಾಗೆ ಮಾಡಿ.

ಪಾಠದ ಮೇಡಂ

ಇದು ಬಹಳ ಒಳ್ಳೆಯ ಮಾತು. ಇಲ್ಲಿ ಬಂದ ಎಲ್ಲ ಸಲಹೆಗಳಿಗಿಂತ ಇದು ಅಗ್ಗ, ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ಸೇರಿಸುತ್ತೇನೆ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ಮೇಲೆ ದಾಳಿ ಮಾಡಿಸಿ ಕೈ ಸುಟ್ಟುಕೊಂಡರು. ಅನುಮಾನ ಇದ್ದ ಸಲಹೆಗಾರರು ಸಭೆಯಲ್ಲಿ ಸುಮ್ಮನೆ ಕೂತಿದ್ದರು. ಮರುವರ್ಷ ಕ್ಷಿಪಣಿ ಬಿಕ್ಕಟ್ಟು ಬಂದಾಗ ಅದೇ ಕೆನಡಿ ಕೆಲವು ಸಭೆಗಳಿಂದ ಬೇಕಂತಲೇ ದೂರ ಉಳಿದರು, ತಾನು ಎದುರಿಗಿದ್ದರೆ ಜನ ತನ್ನ ಮುಖ ನೋಡಿ ಮಾತಾಡುತ್ತಾರೆ ಅಂತ. ನಿಮ್ಮ ಅಧ್ಯಕ್ಷರಿಗೆ ಇದನ್ನು ಹೇಳಿ ನೋಡಿ. ಕೆನಡಿಗೆ ಹೋಲಿಸಿದರೆ ಖುಷಿಯಾಗಬಹುದು.

ಬಾವಿಯ ವಿಷಯ ಪುನಃ ತರಲು ವಿಶೇಷ ಸಭೆ ಕರೆಯಬೇಕು. ಎಷ್ಟು ಸದಸ್ಯರ ಸಹಿ ಬೇಕು ಅಂತ ನಿಮ್ಮ ಬೈಲಾ ನೋಡಿ.

ಬಾವಿಕಟ್ಟೆ

ಬೈಲಾ ನೋಡಿದೆ, 15 ಸಹಿ ಬೇಕು. ಅರ್ಜಿ ಬರೆದು ಮೂರು ದಿನವಾಯಿತು, ನನ್ನದು ಬಿಟ್ಟರೆ ಒಂದೂ ಸಹಿ ಇಲ್ಲ. ಲಿಫ್ಟಿನಲ್ಲಿ ಬೇಸರ ಮಾಡಿದ ಹನ್ನೆರಡೂ ಜನರ ಮನೆಗೆ ಹೋದೆ. “ಮೊದಲು ಬೇರೆಯವರ ಸಹಿ ತನ್ನಿ, ಆಮೇಲೆ ನಾನು ಹಾಕುತ್ತೇನೆ.” ಎಲ್ಲರದ್ದೂ ಇದೇ ಮಾತು. ಮೊದಲ ಹೆಸರು ನನ್ನದೇ ಇದ್ದರೂ ಎರಡನೇ ಹೆಸರಾಗಲು ಯಾರೂ ತಯಾರಿಲ್ಲ.

ಮಲ್ಪೆ ಧಕ್ಕೆ

ಸಾಲಾಗಿ ಬರೆಸಿದರೆ ಹಾಗೇ ಆಗುವುದು. ಹಿಂದೆ ಇಂಗ್ಲಿಷರ ಹಡಗಿನ ನಾವಿಕರು ಕ್ಯಾಪ್ಟನ್ ಮೇಲೆ ದೂರು ಕೊಡುವಾಗ ವೃತ್ತದಲ್ಲಿ ಸಹಿ ಹಾಕುತ್ತಿದ್ದರಂತೆ. ಮೊದಲು ಹಾಕಿದವ ಯಾರು, ಕೊನೆಗೆ ಯಾರು ಅಂತ ಕ್ಯಾಪ್ಟನಿಗೆ ಗೊತ್ತಾಗಬಾರದು, ಗೊತ್ತಾದರೆ ಮುಂದಾಳು ಅಂತ ಅವನ ಕತ್ತು ಹೋಗುತ್ತಿತ್ತು. ಮಾಡಿ ನೋಡಿ.

ಕದ್ರಿ ಕಂಬಳ

ಗೋಳಿಬಜೆಯ ಆಕಾರದಲ್ಲಿ ಸಹಿ! ನಾನು ಇದನ್ನು ನೋಡಲೇಬೇಕು.

ಮಾಜಿ ಕಾರ್ಯದರ್ಶಿ

ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಗುಟ್ಟಿನ ಚೀಟಿಗೂ ಒಂದು ತೊಂದರೆ ಉಂಟು ಅಂತ ಅನುಭವದಿಂದ ಹೇಳುತ್ತೇನೆ. ನಮ್ಮಲ್ಲಿ ಒಮ್ಮೆ ಚೀಟಿ ಹಾಕಿಸಿ ‘ತಾರಸಿ ರಿಪೇರಿ ಈ ವರ್ಷವೇ ಆಗಲಿ’ ಅಂತ ಬಂತು. ಯಾರು ನಿಂತು ಮಾಡಿಸುವುದು ಅಂತ ಕೇಳಿದಾಗ ಚೀಟಿ ಹಾಕಿದವರು ಯಾರೂ ಇಲ್ಲ. ಹೆಸರಿಲ್ಲದ ಓಟಿಗೆ ಹೆಸರಿಲ್ಲದ ಕೆಲಸ. ಆದ್ದರಿಂದ ಬಾವಿ ಉಳಿಯಲಿ ಅಂತ ಹೇಳುವವರು, ಕಟ್ಟೆ ಯಾರು ಸರಿ ಮಾಡಿಸುತ್ತಾರೆ ಅಂತಲೂ ಅವತ್ತೇ ಹೇಳಬೇಕು. ಮಗು ಬಿದ್ದರೆ ಅನ್ನುವ ಮಾತು ಅಧ್ಯಕ್ಷರು ಸುಮ್ನೆ ಹೇಳಿದ್ದಾಗಿರಲಾರದು.

ಬಾವಿಕಟ್ಟೆ

ಮೂರು ವಾರ ಆಯಿತು, ಸುದ್ದಿ ಕೊಡುತ್ತೇನೆ.

ಅಡುಗೆಮನೆಯ ಸ್ಟೀಲ್ ತಟ್ಟೆ ಕಾಗದದ ಮೇಲೆ ಕವುಚಿ ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದೆ. ನಡುವೆ ಮನವಿ, ಗೆರೆಯ ಮೇಲೆ ಸಹಿ. ಮಲ್ಪೆಯವರೇ, ನಂಬಿ, ಎರಡೇ ಸಂಜೆಯಲ್ಲಿ 19 ಸಹಿ. ಕೆಲವರು ಕಾಗದ ತಿರುಗಿಸಿ ತಿರುಗಿಸಿ ನಕ್ಕರು, ನಕ್ಕು ಹಾಕಿದರು. ಕಾರ್ಯದರ್ಶಿ ಕೈಗೆ ಕೊಟ್ಟಾಗ ಅವರು ಯಾವ ಕಡೆಯಿಂದ ಓದುವುದು ಅಂತ ಕೇಳಿದರು.

ಅಧ್ಯಕ್ಷರ ಮನೆಗೆ ನಾನೇ ಮೊದಲು ಹೋದೆ. ಬೆನ್ನ ಹಿಂದೆ ಮಾಡಿದ ಹಾಗೆ ಆಗಬಾರದು ಅಂತ. ಅವರು ಸಿಟ್ಟಾದರು. ಆಮೇಲೆ ಹೇಳಿದ್ದು ಕೇಳಿ ನಾನು ಸುಮ್ಮನಾದೆ. ಮೇ ತಿಂಗಳಲ್ಲಿ ಮೂರನೇ ಮಾಳಿಗೆಯ ಬಾಡಿಗೆಯವರ ಮಗು ಕಟ್ಟೆಯ ಮೇಲೆ ನಿಂತಿತ್ತಂತೆ, ಇವರೇ ಓಡಿ ಹೋಗಿ ಎತ್ತಿ ಇಳಿಸಿದ್ದು. ಕಬ್ಬಿಣದ ಗ್ರಿಲ್ ಹಾಕಿಸಲು ಮನೆಗೆ ಐನೂರು ರೂಪಾಯಿ ಕೊಡಿ ಅಂತ ಗ್ರೂಪಿನಲ್ಲಿ ಹಾಕಿದರೆ ನಾಲ್ಕು ಜನ ಕೊಟ್ಟರಂತೆ. ನಾನು ಆ ಮೆಸೇಜು ನೋಡಿದ ನೆನಪೂ ಇಲ್ಲ. ಹುಡುಕಿದೆ, ಇತ್ತು. ಕೆಳಗೆ ನನ್ನದೇ ಒಂದು ಹೆಬ್ಬೆಟ್ಟು.

ಸಭೆ ಕಳೆದ ಭಾನುವಾರ ಆಯಿತು. ವಿಷಯ ಒಂದೇ, ನೋಟಿಸಿನಲ್ಲಿ ಮೊದಲೇ ಬರೆದದ್ದು. ಬಾಡಿಗೆಯವರಿಗೂ ಮಾತಾಡಲು ಬಿಡುವುದು ಅಂತ ಒಪ್ಪಿಸಿದೆವು, ಓಟು ಇಲ್ಲ. ಹವಾಲ್ದಾರರು ಹೇಳಿದ ಹಾಗೆ ಕಿರಿಯರಿಂದ ಶುರು. ಮೊದಲು ಮಾತಾಡಿದ್ದು ಎರಡನೇ ಮಾಳಿಗೆಯ ಇಂಜಿನಿಯರಿಂಗ್ ಓದುವ ಹುಡುಗಿ. ಬಾವಿ ಮುಚ್ಚಿದರೆ ವರ್ಷಕ್ಕೆ ಎಷ್ಟು ಟ್ಯಾಂಕರ್ ಬೇಕಾಗಬಹುದು ಅಂತ ಲೆಕ್ಕ ಬರೆದು ತಂದಿದ್ದಳು (ಅಕ್ಕಾ, ಈ ಸಲ ಕಾಗದ ಎಲ್ಲರ ಕೈಗೂ ಹೋಯಿತು). ಅಧ್ಯಕ್ಷರು ಕೊನೆಗೆ ಮಾತಾಡಿದರು. ಅರ್ಧ ಗಂಟೆ ಸುಮ್ಮನೆ ಕೂತದ್ದು ಅವರಿಗೆ ಎಷ್ಟು ಕಷ್ಟವಾಯಿತು ಅಂತ ಅವರ ಕಾಲು ಅಲ್ಲಾಡುವುದರಲ್ಲೇ ಗೊತ್ತಾಗುತ್ತಿತ್ತು. ಗೋಳಿಬಜೆಯನ್ನು ಚೀಟಿ ಎಣಿಸಿದ ಮೇಲೆ ತರಲು ಹೇಳಿದ್ದೆವು.

38 ಚೀಟಿ ಬಿತ್ತು. ಮುಚ್ಚಬೇಕು 15. ಉಳಿಯಲಿ 21. ಒಂದು ಖಾಲಿ. ಇನ್ನೊಂದರಲ್ಲಿ ನೀಟಾಗಿ ಬರೆದಿತ್ತು, ‘ಅಧ್ಯಕ್ಷರು ಹೇಳಿದ ಹಾಗೆ’.

ಕದ್ರಿ ಕಂಬಳ

ಆ ಚೀಟಿಗೆ ಫ್ರೇಮ್ ಹಾಕಿಸಿ ಲಿಫ್ಟಿನಲ್ಲಿ ನೇತು ಹಾಕಿ!!

ತಾಳಮದ್ದಳೆ ಹುಚ್ಚ

ಅದನ್ನು ಯಾವ ಲೆಕ್ಕಕ್ಕೆ ಸೇರಿಸಿದಿರಿ?

ಬಾವಿಕಟ್ಟೆ

ಅಧ್ಯಕ್ಷರನ್ನೇ ಕೇಳಿದೆವು. ಅಸಿಂಧು ಅಂದರು.

ಮಾಜಿ ಕಾರ್ಯದರ್ಶಿ

15 ಜನ ಮುಚ್ಚಬೇಕು ಅಂದದ್ದನ್ನು ಮರೆಯಬೇಡಿ. ಮೊದಲ ಸಭೆಯಲ್ಲಿ ಎಲ್ಲರೂ ಹೆದರಿ ಕೈ ಎತ್ತಿದ್ದಲ್ಲ ಅಂತಾಯಿತು. ಅವರಿಗೆ ನಿಜವಾಗಿಯೂ ಪಾರ್ಕಿಂಗ್ ಬೇಕು. ಅದಕ್ಕೇನು ಮಾಡಿದಿರಿ? ಗ್ರಿಲ್ಲಿಗೆ ಯಾರು ನಿಂತಿದ್ದಾರೆ?

ಬಾವಿಕಟ್ಟೆ

ಪಾರ್ಕಿಂಗಿಗೆ ಏನೂ ಆಗಿಲ್ಲ. ನನ್ನ ಎರಡನೇ ಗಾಡಿ ಈಗಲೂ ರಸ್ತೆಯಲ್ಲೇ, ಖಜಾಂಚಿ ಮೊದಲಿನಷ್ಟು ನಗುವುದಿಲ್ಲ.

ಗ್ರಿಲ್ಲಿಗೆ ನಾನೂ ಆ ಹುಡುಗಿಯೂ ಹೆಸರು ಕೊಟ್ಟಿದ್ದೇವೆ. ಮನೆಗೆ ಏಳುನೂರು ಅಂತ ಆಯಿತು. 26 ಮನೆಯಿಂದ ಬಂದಿದೆ, ಉಳಿದವರ ಬೆಲ್ಲು ಒತ್ತುತ್ತಾ ಇದ್ದೇನೆ. ಎರಡು ಕೊಟೇಶನ್ ತಂದು ಅಧ್ಯಕ್ಷರಿಗೆ ತೋರಿಸಿದೆ. “ಈ ದಪ್ಪದ ಕಬ್ಬಿಣ ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲ ತಡೆಯುವುದಿಲ್ಲ” ಅಂತ ಎರಡನ್ನೂ ಪಕ್ಕಕ್ಕಿಟ್ಟು ತಮ್ಮ ಗುರ್ತದವನಿಗೆ ಫೋನು ಮಾಡಿದರು. ನಾವಿಬ್ಬರೂ “ಆಗಬಹುದು ಸರ್” ಅಂದೆವು. ಸೋಮವಾರ ಕೆಲಸದವರು ಬರುತ್ತಾರೆ.